ಪಟ್ಟಿ ಎಪ್ಪತ್ತರಲ್ಲೇ ನಿಂತುಬಿಟ್ಟಿದೆ

ಮಳೆಗಾಲದಲ್ಲಿ ಕೇಳೋಕೆ ಅಂತ ನೀವು ಪಟ್ಟಿ ಮಾಡಿ ಕೊಟ್ಟಿರೋ ಐದೂ ರಾಕ್ ಆಲ್ಬಮ್ ಎಪ್ಪತ್ತರ ದಶಕದ್ದೇ ಆಯ್ತಲ್ಲ ಸಾರ್! ಪಿಂಕ್ ಫ್ಲಾಯ್ಡ್ ತಂಡದ ಬಗ್ಗೆ ತಕರಾರಿಲ್ಲ, ಆದ್ರೆ ಆಮೇಲೂ ಜನ ಗಿಟಾರ್ ಹಿಡಿದಿದ್ದಾರೆ.

ನಾನು ಮೊದಲು ಸೇರಿಸೋದು ಟಾಕ್ ಟಾಕ್ ತಂಡದ 'ಸ್ಪಿರಿಟ್ ಆಫ್ ಈಡನ್' (1988). ಬರೀ ಆರು ಹಾಡು, ಮೊದಲ ಮೂರು ಒಂದಕ್ಕೊಂದು ಅಂಟಿಕೊಂಡೇ ಬರ್ತವೆ. ಶುರುವಲ್ಲಿ ದೂರದ ಟ್ರಂಪೆಟ್ಟು, ಸಣ್ಣಪುಟ್ಟ ಸದ್ದು ಅಷ್ಟೇ. ಫೋನ್ ಕೆಟ್ಟೋಯ್ತಾ ಅನ್ಸುತ್ತೆ. ಆಮೇಲೆ ನಿಧಾನಕ್ಕೆ ಗಿಟಾರ್ ಬರುತ್ತೆ, ಮೌತ್ ಆರ್ಗನ್ನು ಕಿರುಚುತ್ತೆ. ಆದ್ರೆ ನಮ್ಮ ತೀರ್ಥಹಳ್ಳಿ ಕಡೆ ತಗಡಿನ ಮೇಲೆ ಆಷಾಢದ ಮಳೆ ಹೊಡೀತಿರುವಾಗ ಸ್ಪೀಕರಲ್ಲಿ ಹಾಕಿದ್ರೆ ಏನೂ ಕೇಳ್ಸಲ್ಲ. ಇಯರ್‌ಫೋನ್ ಬೇಕೇ ಬೇಕು.

ಅಡಿಕೆ ಸುಲಿಯೋ ರಾತ್ರಿಗೆ ನಿರ್ವಾಣ ತಂಡದ 'ಅನ್‌ಪ್ಲಗ್ಡ್' (1994). ಅಬ್ಬರ ಕಮ್ಮಿ, ಮೆಟ್ಟುಗತ್ತಿ ಮುಂದೆ ಕೂತ ಅತ್ತೆಯೂ ಬೈಯಲ್ಲ. ರೇಡಿಯೋಹೆಡ್ ತಂಡದ 'ಓಕೆ ಕಂಪ್ಯೂಟರ್' (1997) ಎಲ್ಲರಿಗೂ ಗೊತ್ತು, ಬಿಡಿ.

ನಿಮ್ಮ ಪಟ್ಟೀಲಿ ಕನ್ನಡದ್ದು ಒಂದೂ ಇಲ್ವಲ್ಲ ಅನ್ನೋದೇ ಬೇಜಾರು. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಲ್ಲಿ ಶಿಶುನಾಳ ಶರೀಫಜ್ಜನ 'ಸೋರುತಿಹುದು ಮನೆಯ ಮಾಳಿಗಿ' ಇದೆ. ಈ ಜುಲೈನಲ್ಲಿ ಮಲೆನಾಡಿಗೆ ಅದಕ್ಕಿಂತ ಸರಿಯಾದ ಹಾಡು ಯಾವ್ದು ಹೇಳಿ?