ಶ್... ಮಗು ಬರ್ತಾ ಇದೆ

ನಮ್ಮ ಮಲಗುವ ಕೋಣೆಯ ಬಾಗಿಲು ಕಿರುಗುಟ್ಟುತ್ತದೆ ಅಂತ ನನಗೆ ಗೊತ್ತಾಗಿದ್ದು ಹೆಂಡತಿಗೆ ಏಳು ತಿಂಗಳಾದಾಗ. ಬಾಗಿಲು ಆರು ವರ್ಷದಿಂದ ಕಿರುಗುಟ್ಟುತ್ತಲೇ ಇತ್ತು. ಅವಳು ಆರು ವರ್ಷದಿಂದ ಹೇಳುತ್ತಲೂ ಇದ್ದಳು. ಕಿವಿಗೆ ಬಿದ್ದಿದ್ದು ಮಾತ್ರ ಆವತ್ತು.

ಮಗು ಮಲಗಿರುತ್ತೆ. ನಾನು ಮೆಲ್ಲಗೆ ಒಳಗೆ ಬರ್ತೀನಿ. ಬಾಗಿಲು ಕಿರ್ರ್ ಅನ್ನುತ್ತೆ. ಮಗು ಎದ್ದು ಕೂತು... ಇಲ್ಲ, ಕೂರೋಕೆ ಅದಕ್ಕೆ ಸುಮಾರು ಆರು ತಿಂಗಳಾಗಬೇಕು, ಮಲಗಿದಲ್ಲೇ ಕಿರುಚುತ್ತೆ. ಈ ದೃಶ್ಯ ಕಣ್ಣ ಮುಂದೆ ಬಂದದ್ದೇ ತಡ, ಹೊಲಿಗೆ ಮಷಿನ್ನಿನ ಎಣ್ಣೆ ಡಬ್ಬಿ ಹುಡುಕಿ ತಂದು ಮೂರೂ ಕೀಲಿಗೆ ಧಾರಾಳವಾಗಿ ಸುರಿದೆ.

ಬಾಗಿಲು ಮೌನವ್ರತ ಹಿಡಿಯಿತು. ಜೊತೆಗೆ ಯಾರ ಮಾತೂ ಕೇಳದಂತಾಯಿತು. ಇಷ್ಟು ವರ್ಷ ಅದನ್ನು ಹಿಡಿದಿಟ್ಟಿದ್ದು ಆ ತುಕ್ಕೇ ಅಂತ ಕಾಣುತ್ತೆ. ಈಗ ಕಿಟಕಿಯಿಂದ ಸ್ವಲ್ಪ ಗಾಳಿ ಬಂದರೂ ಸಾಕು, ತಾನಾಗಿ ತೇಲಿಕೊಂಡು ಹೋಗಿ ಧಡಾರ್ ಅಂತ ಬಡಿದುಕೊಳ್ಳುತ್ತಿತ್ತು. ತಡೆಯೋಕೆ ನೆಲದ ಮೇಲೆ ಒಂದು ಮರದ ತುಂಡು ಇಟ್ಟೆ. ಅದೇ ರಾತ್ರಿ ನೀರು ಕುಡಿಯಲು ಎದ್ದವನು ಕತ್ತಲಲ್ಲಿ ಅದಕ್ಕೆ ಕಾಲಿನ ಕಿರುಬೆರಳು ಜಜ್ಜಿಕೊಂಡೆ. ನನ್ನ ಬಾಯಿಂದ ಹೊರಟ ಸದ್ದಿಗೆ ಪಕ್ಕದ ಮನೆಯಲ್ಲಿ ಲೈಟ್ ಹತ್ತಿಕೊಂಡಿತು.

"ಎಬ್ಬಿಸಿದ್ರಲ್ಲ ರೀ," ಅಂದಳು ಹೆಂಡತಿ.

"ಸಾರಿ, ನೀನು ಮಲ್ಕೋ."

"ನನ್ನಲ್ಲ." ಹೊಟ್ಟೆ ಮೇಲೆ ಕೈ ಇಟ್ಟುಕೊಂಡಿದ್ದಳು. "ಒದೀತಾ ಇದೆ ನೋಡಿ."

ಅದು ತಮಾಷೆಯಲ್ಲ. ಸುಮಾರು 25 ವಾರ ಆಗುವ ಹೊತ್ತಿಗೆ ಒಳಗಿರುವ ಮಗುವಿಗೆ ಹೊರಗಿನ ಸದ್ದು ಕೇಳಲು ಶುರುವಾಗಿರುತ್ತದೆ. ನಾನು ಯಾರಿಗೋಸ್ಕರ ಇಷ್ಟೆಲ್ಲ ಮಾಡುತ್ತಿದ್ದೆನೋ, ಅವರು ಆಗಲೇ ಬಂದು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಅಷ್ಟಕ್ಕೇ ನಾನು ಸುಮ್ಮನಾಗಲಿಲ್ಲ. ಮುಂದಿನ ಸರದಿ ಕಾಲಿಂಗ್ ಬೆಲ್‌ನದ್ದು. ವೈರ್ ಕಿತ್ತು ಹಾಕಿದೆ. ಮನೆ ತಣ್ಣಗಾಯಿತು. ನಾವು ತರಿಸಿದ್ದ ಮಗುವಿನ ಮಂಚ ಎರಡು ಸಲ ಬಾಗಿಲವರೆಗೂ ಬಂದು, ಬೆಲ್ ಒತ್ತಿ ಒತ್ತಿ, ‘ಮನೆಯಲ್ಲಿ ಯಾರೂ ಇಲ್ಲ’ ಅಂತ ವಾಪಸ್ ಹೋಯಿತು. ಎರಡೂ ಸಲ ನಾನು ಒಳಗೆ ಕುರ್ಚಿಯ ಕಾಲುಗಳಿಗೆ ರಬ್ಬರ್ ಬುಡ ಹಾಕುತ್ತಾ ಕೂತಿದ್ದೆ.

ಮೂರನೇ ಸಲ ಸಿಕ್ಕಿತು. ಸುತ್ತ ಕಟಕಟೆ ಇರುವ ಪುಟ್ಟ ಮಂಚ, ಕೋರ್ಟಿನಲ್ಲಿ ಆರೋಪಿಯನ್ನು ನಿಲ್ಲಿಸ್ತಾರಲ್ಲ, ಹಾಗೇ. ಜೋಡಿಸಿದ ಮೇಲೆ ಒಂದು ಸ್ಕ್ರೂ ಮಿಕ್ಕಿತು. ಬಿಚ್ಚಿ ಇನ್ನೊಮ್ಮೆ ಜೋಡಿಸಿದೆ. ಎರಡು ಮಿಕ್ಕಿದವು. ಮೂರನೇ ಪ್ರಯತ್ನವನ್ನು ಅಮ್ಮ ಮಾಡಿದರು. ಒಂದೂ ಮಿಗಲಿಲ್ಲ, ಆ ವಿಷಯ ಈಗ ಬೇಡ.

ಮಂಚದ ತುಂಬ ದಿಂಬು, ಮೆತ್ತೆ, ಒಂದು ಕರಡಿ ಗೊಂಬೆ ಜೋಡಿಸಿ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿದೆ. ಶಭಾಸ್ ಅಂತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿಕೊಂಡು, "ಮಗು ಎಲ್ಲಿ ಮಲಗುತ್ತೆ?" ಅಂತ ಕೇಳಿದರು. ಒಂದು ವರ್ಷದವರೆಗೆ ದಿಂಬು, ಗೊಂಬೆ, ಮೆತ್ತನೆಯದು ಯಾವುದೂ ಅಲ್ಲಿರಬಾರದು, ಉಸಿರು ಕಟ್ಟುವ ಭಯ. ಗಟ್ಟಿಯಾದ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಹಾಸಿದ ಬಟ್ಟೆ, ಮಗುವನ್ನು ಅಂಗಾತ ಮಲಗಿಸುವುದು, ಅಷ್ಟೇ. ಕರಡಿ ಕೆಲಸ ಕಳೆದುಕೊಂಡಿತು. ಸುಮ್ನೆ ಯಾಕೆ ಕೂರಿಸೋದು ಅಂತ ಅದಕ್ಕೆ ದಿನಾ ಡಯಾಪರ್ ಹಾಕಿ ಅಭ್ಯಾಸ ಶುರು ಮಾಡಿದೆ. ತಿಂಗಳು ಮುಗಿಯುವ ಹೊತ್ತಿಗೆ ಹನ್ನೊಂದು ಸೆಕೆಂಡಿನಲ್ಲಿ ಕೆಲಸ ಮುಗಿಸುವಷ್ಟು ಪಳಗಿದ್ದೆ.

ಇನ್ನು ಗಿಲಕಿ. ಮಂಚದ ಮೇಲೆ ತೂಗಾಡೋ ಮೀನುಗಳು. ಒಂದು ಭಾನುವಾರ ಪೂರ್ತಿ ಡ್ರಿಲ್ ಹಿಡಿದು ಚಾವಣಿಗೆ ತೂತು ಕೊರೆದೆ. ಸದ್ದಿಲ್ಲದ ಮನೆಯ ಲೆಕ್ಕದಲ್ಲಿ ಆ ಭಾನುವಾರವನ್ನು ಹಿಡಿಯಬಾರದು. ಮೀನುಗಳು ಮಂಚಕ್ಕಿಂತ ಮೂರಡಿ ಮೇಲೆ ಚೆನ್ನಾಗಿಯೇ ತೇಲಿದವು. ಆಮೇಲೆ ಗೊತ್ತಾಯಿತು, ಹುಟ್ಟಿದ ಮಗುವಿಗೆ ಸ್ಪಷ್ಟವಾಗಿ ಕಾಣೋದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ. ಎತ್ತಿಕೊಂಡವರ ಮುಖ ಕಂಡರೆ ಸಾಕು ಅನ್ನೋ ಲೆಕ್ಕ. ಮೀನುಗಳನ್ನು ಈಗಲೂ ನೋಡೋದು ನಾನೊಬ್ಬನೇ.

ಡಾಕ್ಟರ್ ಕೊಟ್ಟ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುಂಡು ಸುತ್ತಿದ್ದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ. ಫ್ರಾಂಜ್ ನೇಗೆಲೆ ಅನ್ನುವ ಜರ್ಮನ್ ವೈದ್ಯರ ಹೆಸರಿನ ಲೆಕ್ಕ ಇದು. ಲೆಕ್ಕ ಎಷ್ಟೇ ಹಳೆಯದಾಗಿರಲಿ, ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು 100ಕ್ಕೆ ನಾಲ್ಕೋ ಐದೋ. ಡಾಕ್ಟರ್ ಇದನ್ನು ನನಗೆ ಹೇಳಿದ್ದರು. ಆಗ ನಾನು ಅವರ ಕೋಣೆಯ ಬಾಗಿಲಿನ ಕೀಲು ನೋಡುತ್ತಿದ್ದೆ.

ಎರಡು ವಾರ ಮೊದಲು ಒಂದು ಸುಳ್ಳು ನೋವು ಬಂದು ಹೋಯಿತು. 1872ರಲ್ಲಿ ಇದರ ಬಗ್ಗೆ ಬರೆದ ಇಂಗ್ಲಿಷ್ ಡಾಕ್ಟರ್ ಬ್ರಾಕ್ಸ್‌ಟನ್ ಹಿಕ್ಸ್ ಹೆಸರೇ ಅದಕ್ಕಿದೆ. ನಿಜವಾದ ನೋವಾದರೆ ಐದೈದು ನಿಮಿಷಕ್ಕೊಮ್ಮೆ ಬಂದು, ಒಂದೊಂದು ನಿಮಿಷ ಇದ್ದು, ಒಂದು ಗಂಟೆಯಾದರೂ ಹಾಗೇ ನಡೆದರೆ ಹೊರಡಿ ಅಂದಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಏಳು ನಿಮಿಷ. ಇಪ್ಪತ್ತು ನಿಮಿಷ. ಆಮೇಲೆ ಗೊರಕೆ. ಬೆಳಗಿನವರೆಗೂ ಪೆನ್ನು ಹಿಡಿದು ಎಚ್ಚರವಿದ್ದವನು ನಾನು.

ಅದಾದ ಮೇಲೆ ಆಸ್ಪತ್ರೆ ಬ್ಯಾಗನ್ನು ಮರೆಯಬಾರದು ಅಂತ ಕಾರಿನ ಡಿಕ್ಕಿಯಲ್ಲೇ ಇಟ್ಟುಬಿಟ್ಟೆ. ಆಸ್ಪತ್ರೆಗೆ ಹೋಗುವಾಗ ಕಾರು ಕೈಕೊಡಬಾರದು, ಜೊತೆಗೆ ಬ್ರೇಕ್ ಬೇರೆ ಕೀಚ್ ಅನ್ನುತ್ತಿತ್ತು ಅಂತ, ಕೆಂಪು ಗುಂಡಿಗೆ ಸರಿಯಾಗಿ ಒಂಬತ್ತು ದಿನ ಇರುವಾಗ ಸರ್ವೀಸಿಗೆ ಬಿಟ್ಟೆ. ಮುಂದಿನದು ನಿಮಗೆ ಗೊತ್ತಾಗಿರುತ್ತೆ. ನನಗೆ ಗೊತ್ತಾಗಿದ್ದು ಮಧ್ಯಾಹ್ನ ಆಫೀಸಿಗೆ ಫೋನ್ ಬಂದಾಗ.

"ರೀ, ನೀರು ಹೋಗ್ತಾ ಇದೆ."

"ಟ್ಯಾಂಕ್ ತುಂಬಿರ್ಬೇಕು. ಮೋಟರ್ ಆಫ್ ಮಾಡು."

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಎರಡು ತಿಂಗಳಲ್ಲಿ ನಮ್ಮ ಮನೆ ಅಷ್ಟು ನಿಶ್ಶಬ್ದವಾಗಿದ್ದು ಅದೊಂದೇ ಸಲ. ಆಮೇಲೆ ಅಮ್ಮ ಫೋನ್ ಕಿತ್ತುಕೊಂಡರು. "ಲೋ, ನಾವು ಆಸ್ಪತ್ರೆಗೆ ಹೊರಟ್ವಿ. ನೀನು ಬ್ಯಾಗ್ ತಗೊಂಡು ಬಾ."

ಗ್ಯಾರೇಜಿಗೆ ಓಡಿದೆ. ನನ್ನ ಕಾರು ಲಿಫ್ಟಿನ ಮೇಲೆ, ತಲೆಗಿಂತ ಎತ್ತರದಲ್ಲಿ, ನಾಲ್ಕೂ ಚಕ್ರ ಬಿಚ್ಚಿಕೊಂಡು ನಿಂತಿತ್ತು. ನನ್ನ ಮುಖ ನೋಡಿ ಮೆಕ್ಯಾನಿಕ್ ಏನೂ ಕೇಳದೆ ಏಣಿ ಹಾಕಿದ. ಹತ್ತಿ ಡಿಕ್ಕಿ ತೆಗೆದ. ಮೊದಲು ಕೆಳಗೆ ಬಂದದ್ದು ಡಯಾಪರ್ ಹಾಕಿಕೊಂಡ ಕರಡಿ. ಅದನ್ನು ಒಂದು ಕ್ಷಣ ತಿರುಗಿಸಿ ನೋಡಿ, ಬಹಳ ಮರ್ಯಾದೆಯಿಂದ ನನ್ನ ಕೈಗಿತ್ತು, ಆಮೇಲೆ ಬ್ಯಾಗ್ ಇಳಿಸಿದ.

ಮಗಳು ಹುಟ್ಟಿದ್ದು ರಾತ್ರಿ. ಹೆಂಡತಿ ಪಟ್ಟ ಕಷ್ಟದ ಮುಂದೆ ನನ್ನ ಏಣಿ, ಕರಡಿ ಎಲ್ಲ ಎಷ್ಟರವು. ನನ್ನ ಪಾಲಿಗೆ ಬಂದದ್ದು ಮೊದಲ ಡಯಾಪರ್. ಹುಟ್ಟಿದ ಮಗುವಿನ ಮೊದಲ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಇರುತ್ತದೆ. ಕರಡಿ ಅದನ್ನು ನನಗೆ ಕಲಿಸಿರಲಿಲ್ಲ. ಒರೆಸಿ, ಹೊಸದು ತೆಗೆದು, ಹನ್ನೊಂದು ಸೆಕೆಂಡಿನಲ್ಲಿ ಹಾಕಿ ಮುಗಿಸಿದೆ.

"ಸರ್, ಉಲ್ಟಾ," ಅಂದರು ನರ್ಸ್. ಅಂಟುಪಟ್ಟಿ ಇರುವ ಕಡೆ ಬೆನ್ನಿಗೆ ಬರಬೇಕಂತೆ. ಒಂದು ತಿಂಗಳು ಆ ಕರಡಿ ತುಟಿ ಬಿಚ್ಚಿರಲಿಲ್ಲ.

ಮನೆಗೆ ಬಂದ ಮೊದಲ ದಿನವೇ ಬಾಗಿಲು ಧಡಾರ್ ಅಂತು. ನಾನು ಎದೆ ಹಿಡಿದುಕೊಂಡೆ. ಮಗಳು ಅಲುಗಲೂ ಇಲ್ಲ. ಮಿಕ್ಸಿಗೂ ಏಳಲಿಲ್ಲ. ತಾಯಿಯ ಎದೆಬಡಿತ, ರಕ್ತ ಹರಿಯುವ ಸದ್ದು, ಹೊಟ್ಟೆಯ ಗುಡುಗುಡು ಇವುಗಳ ನಡುವೆ ಅಷ್ಟು ತಿಂಗಳು ಮಲಗಿದವಳಿಗೆ ನಮ್ಮ ಮನೆ ಯಾವ ಲೆಕ್ಕ! ಬೆಲ್ಲಿನ ವೈರ್ ಮತ್ತೆ ಸೇರಿಸಿದೆ.

ಆದರೆ ಒಂದಿದೆ. ರಾತ್ರಿ ಮುಕ್ಕಾಲು ಗಂಟೆ ಹೆಗಲ ಮೇಲೆ ಹಾಕಿಕೊಂಡು ತಿರುಗಾಡಿ, ನಿದ್ದೆ ಬಂತು ಅಂತ ಖಾತ್ರಿ ಮಾಡಿಕೊಂಡು, ಉಸಿರು ಬಿಗಿಹಿಡಿದು ಮಂಚಕ್ಕೆ ಇಳಿಸಲು ಬಗ್ಗಿದೆ. ನನ್ನ ಮೊಣಕಾಲು ಲಟಕ್ ಅಂತು.

ಮಗಳು ಕಣ್ಣು ಬಿಟ್ಟಳು. ಹಿಂದೆಯೇ ಬಾಯಿ ಬಿಟ್ಟಳು.

ಕತ್ತಲಲ್ಲಿ ಹೆಂಡತಿಯ ದನಿ ಕೇಳಿಸಿತು. "ರೀ, ಆ ಎಣ್ಣೆ ಡಬ್ಬಿಯಲ್ಲಿ ಇನ್ನೇನಾದ್ರೂ ಉಳಿದಿದೆಯಾ?"