ಮೇಲಿನಿಂದ ಕಂಡ ಗುಂಡಿಯೆಲ್ಲ ಬಾಂಬಿನದಲ್ಲ

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಹತ್ತಿರ ಬಂದರೆ ಸಾಕು, ನಮ್ಮ ಬೀದರ್ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದೇ ಉಪಗ್ರಹ ಚಿತ್ರಕ್ಕೆ ಮತ್ತೆ ಜೀವ ಬರುತ್ತದೆ. ಹೊಲಗಳ ನಡುವೆ ಸಾಲಾಗಿ ಕಪ್ಪು ಚುಕ್ಕೆಗಳು, ಅವುಗಳ ಸುತ್ತ ಕೆಂಪು ಗೆರೆ, ಕೆಳಗೆ ‘1948ರ ಪೊಲೀಸ್ ಕಾರ್ಯಾಚರಣೆಯ ಬಾಂಬ್ ಗುಂಡಿಗಳು’ ಎಂಬ ಒಕ್ಕಣೆ. ಪೊಲೀಸ್ ಕಾರ್ಯಾಚರಣೆ ಎಂದರೆ ನಿಜಾಮನ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೇನಾ ಕಾರ್ಯಾಚರಣೆ; ಬೀದರ್, ಕಲಬುರಗಿ ಆಗ ಆ ಸಂಸ್ಥಾನದಲ್ಲಿದ್ದವು. ಈ ಸಲ ಡ್ರೋನ್ ವಿಡಿಯೊ ಕೂಡ ಸೇರಿಕೊಂಡಿದೆ, ಹಿನ್ನೆಲೆಯಲ್ಲಿ ನಗಾರಿ ಸಮೇತ. ದುಂಡಗಿದ್ದ ಮಾತ್ರಕ್ಕೆ ಬಾಂಬು ಎಂದು ಷರಾ ಬರೆದುಬಿಡುವ ಈ ಆತುರದ ಬಗ್ಗೆ ನನ್ನ ತಕರಾರಿದೆ.

ಆಕಾಶದಿಂದ ಬಾಂಬ್ ಗುಂಡಿ ಗುರುತಿಸುವುದು ನಿಜವಾದ ವಿದ್ಯೆ. ಜರ್ಮನಿಯ ಅನೇಕ ಕಡೆ ಇವತ್ತಿಗೂ ಕಟ್ಟಡಕ್ಕೆ ಪಾಯ ತೆಗೆಯುವ ಮೊದಲು ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕದ ವಿಮಾನಗಳು ತೆಗೆದ ಚಿತ್ರಗಳನ್ನು ತರಿಸಿ ನೋಡುತ್ತಾರೆ. ಒಂದೇ ಜಾಗದ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪ್ ಎಂಬ, ಆಳ ತೋರಿಸುವ ಜೋಡಿ ಮಸೂರದ ಕೆಳಗಿಟ್ಟರೆ ಗುಂಡಿಯ ಆಳವೂ ಅಂಚಿಗೆ ಚಿಮ್ಮಿದ ಮಣ್ಣಿನ ದಿಂಡೂ ಎದ್ದು ಕಾಣುತ್ತವೆ. ಅವರನ್ನು ಕಾಡುವುದು ದೊಡ್ಡ ಗುಂಡಿಯಲ್ಲ, ಅದು ಸಿಡಿದು ಮುಗಿದದ್ದು. ಪಕ್ಕದ ಪುಟ್ಟ ಚುಕ್ಕೆಯೇ ಅಪಾಯ, ಅಂದರೆ ಸಿಡಿಯದ ಬಾಂಬು ನೆಲ ಹೊಕ್ಕ ತೂತು. ಮರಗಳ ಕಾಡು ಇರುವಲ್ಲಿ ಲೈಡಾರ್ ಕೆಲಸಕ್ಕೆ ಬರುತ್ತದೆ. ವಿಮಾನದಿಂದ ಬಿಟ್ಟ ಲೇಸರ್ ಎಲೆಗಳ ಸಂದಿಯಲ್ಲಿ ನುಸುಳಿ ನೆಲದ ಏರಿಳಿತವನ್ನು ಅಳೆದು ತರುತ್ತದೆ. ಉಳುಮೆ ನಡೆದ ಹೊಲದಲ್ಲಿ ಅಳಿಸಿಹೋದ ಗುಂಡಿಗಳು ಯುರೋಪಿನ ಕಾಡುಗಳಲ್ಲಿ ಇನ್ನೂ ಉಳಿದಿರುವುದರಿಂದ ಅಲ್ಲಿ ಇದು ಸಾಧ್ಯ.

ಕಾಂಬೋಡಿಯಾದ ಉಪಗ್ರಹ ಚಿತ್ರಗಳಲ್ಲಿ ಬಾಂಬ್ ಗುಂಡಿ ಹುಡುಕಲು ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದವರು ಬಳಸಿದ್ದು ಚಂದ್ರ ಮತ್ತು ಗ್ರಹಗಳ ಮೇಲಿನ ಉಲ್ಕಾಕುಳಿಗಳನ್ನು ಪತ್ತೆಹಚ್ಚಲು ಮಾಡಿದ್ದ ಗಣಕ ವಿಧಾನವನ್ನು. 2020ರಲ್ಲಿ ಅದು ಸುದ್ದಿಯಾಯಿತು. ಮೊದಲ ಸುತ್ತಿನಲ್ಲಿ ನಿಜವಾದ ಗುಂಡಿಗಳ ಜೊತೆ ಸುಳ್ಳು ಗುಂಡಿಗಳೂ ರಾಶಿ ಬಿದ್ದವು. ಬಣ್ಣ, ಮೈವಳಿಕೆ, ಆಕಾರ ಎಲ್ಲವನ್ನೂ ಪುನಃ ಜಾಲಿಸಿದ ಮೇಲೆಯೇ ಕಾಳು ಬೇರೆ, ಜೊಳ್ಳು ಬೇರೆ ಆದದ್ದು. ಕಂಪ್ಯೂಟರಿಗೇ ಎರಡು ಸುತ್ತು ಬೇಕಾದಾಗ ನಮ್ಮವರು ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ ತೀರ್ಪು ಕೊಡುತ್ತಿದ್ದಾರೆ!

ನಮ್ಮ ನೆಲದ ಗುಣವನ್ನೂ ನೋಡಬೇಕು. ಕಲಬುರಗಿಯ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ, ಮೇಲಿನ ಮಣ್ಣನ್ನು ಒಳಗೆ ನುಂಗುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ವರ್ಷವರ್ಷವೂ ಕುಂಟೆ ಹೊಡೆದು ತೊಗರಿ ಬಿತ್ತುವ ಹೊಲದಲ್ಲಿ 1948ರ ಗುಂಡಿ ಇವತ್ತಿಗೂ ಬಟ್ಟಲಿನಂತೆ ಅಚ್ಚುಕಟ್ಟಾಗಿ ಉಳಿದಿದೆ ಎಂದರೆ ನನಗೆ ಅನುಮಾನ ಬರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲದಲ್ಲಾದರೆ ಉಳಿಯಬಹುದು. ಆದರೆ ಅಲ್ಲಿ ಕಲ್ಲು ತೆಗೆದ ಹೊಂಡ, ಮೊರಂ ತೆಗೆದ ಹೊಂಡಗಳಿಗೆ ಲೆಕ್ಕವೇ ಇಲ್ಲ.

ಆ ಚಿತ್ರ ತೋರಿಸುವ ಸಾಲನ್ನೇ ನೋಡಿ. ಸಾಲಾಗಿ ಸಮ ಅಂತರದಲ್ಲಿ ಇರುವುದೇ ಬಾಂಬಿನ ಗುರುತು ಎಂದು ವಾದ. ಒಂದೇ ವಿಮಾನ ಒಂದರ ಹಿಂದೆ ಒಂದು ಬಾಂಬು ಬಿಟ್ಟರೆ ಗುಂಡಿಗಳು ಸಾಲಾಗುತ್ತವೆ, ನಿಜ. ಆದರೆ ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆ. ನೆಲದಡಿಯ ನೀರಿನ ಸುರಂಗ ಅದು, ಅದರ ಮೇಲೆ ಗಾಳಿ, ಬೆಳಕಿಗೆಂದು ಸಾಲು ಬಾವಿಗಳು. ಇರಾನಿನ ಇಂಥ ಸುರಂಗಗಳಲ್ಲಿ ಅಗೆದ ಮಣ್ಣನ್ನು ಬಾಯಿಯ ಸುತ್ತಲೇ ಗುಡ್ಡೆ ಹಾಕುತ್ತಾರೆ. ಮೇಲಿನಿಂದ ನೋಡಿದವರಿಗೆ ಅದು ಥೇಟ್ ಬಾಂಬು ಬಿದ್ದ ಸಾಲು.

ಹುಮನಾಬಾದ್ ಕಡೆ ಇಂಥದೇ ಒಂದು ‘ಬಾಂಬ್ ಗುಂಡಿ’ ನೋಡಲು ಹೋಗಿದ್ದೆ. ಅಂಚಿನಲ್ಲಿ ಬಳ್ಳಾರಿ ಜಾಲಿ ಬೆಳೆದಿತ್ತು. ಒಳಗೆ ಇಣುಕಿದರೆ ಗೋಡೆ ಕೆಳಕ್ಕೆ ಹೋದಂತೆ ಅಗಲವಾಗಿತ್ತು. ಸ್ಫೋಟದ ಗುಂಡಿ ಬಾಯಲ್ಲಿ ಅಗಲ, ತಳದಲ್ಲಿ ಕಿರಿದು. ಇದು ತದ್ವಿರುದ್ಧ. ಹೊಲದ ಅಜ್ಜ ಬಂದು, “ಏನು ಹುಡುಕುತ್ತಿದ್ದೀಯಪ್ಪ ತಮ್ಮಾ? ಅದು ನಮ್ಮ ಮುತ್ಯಾನ ಹಗೇವು, ಜೋಳ ತುಂಬುತ್ತಿದ್ದರು” ಎಂದ. ಹಗೇವು ಎಂದರೆ ಕಾಳು ಕೂಡಿಡುವ ನೆಲದೊಳಗಿನ ಕಣಜ. ಬಾಂಬು ಎಂದು ಹೇಳಿದವರ ಬಗ್ಗೆ ಕೇಳಿದಾಗ ಅವನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಹಾಗೆಂದು ಇಲ್ಲಿ ವಿಮಾನ ದಾಳಿಯೇ ಆಗಿಲ್ಲ ಎನ್ನುತ್ತಿಲ್ಲ. 1948ರ ಸೆಪ್ಟೆಂಬರ್ 14ರಂದು ಉಮರ್ಗಾದಿಂದ ರಾಜೇಶ್ವರದತ್ತ ಹೊರಟ ಸೇನೆಯ ದಾರಿ ತೆರವು ಮಾಡಲು ಟೆಂಪೆಸ್ಟ್ ವಿಮಾನಗಳು ದಾಳಿ ಮಾಡಿದವು. ದಾರಿಯುದ್ದಕ್ಕೂ ಹೊಂಚು ಹಾಕಿದವರು ಇದ್ದಾರೆಂದು ವೈಮಾನಿಕ ಸಮೀಕ್ಷೆಯೇ ತೋರಿಸಿತ್ತು. ಆದ್ದರಿಂದ ಹುಡುಕುವುದಾದರೆ ಆ ರಸ್ತೆಯ ಆಸುಪಾಸಿನಲ್ಲಿ ಹುಡುಕಬೇಕು, ಕಂಡಕಂಡ ತಾಲ್ಲೂಕಿನಲ್ಲಲ್ಲ. ಇನ್ನೊಂದು ಮಾತು. ಕಾರ್ಯಾಚರಣೆಯ ಹೊತ್ತಿನ ಹಿಂಸಾಚಾರವನ್ನು ತಿಳಿಯಲು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಆ ದಿನಗಳಲ್ಲಿ ಮತ್ತು ನಂತರ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗ ಎರಡೂ ಇವೆ. ಅವರಲ್ಲಿ ಹೆಚ್ಚಿನವರು ಸತ್ತದ್ದು ಬಾಂಬಿನಿಂದಲ್ಲ, ನೆಲದ ಮೇಲೆ ಮನುಷ್ಯರ ಕೈಯಿಂದ. ಗುಂಡಿಗೆ ಕೆಂಪು ಗೆರೆ ಎಳೆಯುವವರು ಈ ಪುಟ ತೆರೆಯುವುದಿಲ್ಲ ಎಂಬುದು ನನ್ನ ಸಿಟ್ಟು.

ಪರೀಕ್ಷೆ ಕಷ್ಟವೇನಲ್ಲ. ಅಮೆರಿಕದ ಕೊರೋನಾ ಗೂಢಚಾರ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳನ್ನು 1995ರಲ್ಲಿ ಬಹಿರಂಗ ಮಾಡಿದ್ದಾರೆ. ನಿಮ್ಮ ಜಾಗದ ಸ್ಪಷ್ಟವಾದ ಚಿತ್ರ ಸಿಕ್ಕರೆ ಇಂದಿನ ಚಿತ್ರದ ಪಕ್ಕದಲ್ಲಿಡಿ. ಅಂದು ಇಲ್ಲದ ದೊಡ್ಡ ಗುಂಡಿ 1948ರದಾಗಲು ಸಾಧ್ಯವಿಲ್ಲ. ಅಂದೂ ಇದ್ದರೆ ಆಗ ಊರಿಗೆ ಹೋಗಿ ಕೇಳಿ.

ರಾಜೇಶ್ವರ, ಹುಮನಾಬಾದ್ ದಾರಿಯ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಮನೆಯ ಹಿರಿಯರು ವಿಮಾನ ದಾಳಿಯ ಜಾಗ ಎಂದು ತೋರಿಸಿದ್ದಿದ್ದರೆ, ಊರು, ಸರ್ವೆ ನಂಬರ್, ಹೇಳಿದವರ ಅಂದಿನ ವಯಸ್ಸು ಮೂರನ್ನೂ ಕೆಳಗೆ ಬರೆಯಿರಿ. ವಿಡಿಯೊ ಬೇಡ.