ಓಣಿಯ ಒಂದು ಬದಿಯನ್ನು ರೆಸಾರ್ಟ್‌ಗೆ ಬಿಡಬಹುದೇ? ಪರ-ವಿರೋಧ

ಗೋಕರ್ಣದ ಸುತ್ತಲಿನ ಕರಾವಳಿ ಇರಲಿ, ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ತೋಟದ ಊರುಗಳಿರಲಿ, ಊರ ಅಂಚಿನಲ್ಲಿ ರೆಸಾರ್ಟ್ ಎದ್ದ ಕಡೆಯಲ್ಲೆಲ್ಲ ಜಗಳ ಶುರುವಾಗುವುದು ದಾರಿಯಿಂದ. ಕಟ್ಟಡ ಹೊಸದು, ಅಲ್ಲಿಗೆ ಹೋಗುವ ಓಣಿ ಮಾತ್ರ ಹಳೆಯದು. ಆಗ ಒಂದು ಪ್ರಸ್ತಾಪ ಬರುತ್ತದೆ. ನಮ್ಮ ದುಡ್ಡಿನಲ್ಲೇ ಓಣಿ ಅಗಲ ಮಾಡಿ ಕಾಂಕ್ರೀಟ್ ಹಾಕಿಕೊಡುತ್ತೇವೆ, ಬದಲಿಗೆ ಒಂದು ಬದಿಯಲ್ಲಿ ನಮ್ಮ ಅತಿಥಿಗಳ ಕಾರು ನಿಲ್ಲಲಿ, ಓಣಿಯ ಬಾಯಲ್ಲಿ ನಮ್ಮ ಕಮಾನು, ಗೇಟು ಇರಲಿ.

ಊರು ಇದಕ್ಕೆ ಒಪ್ಪಬೇಕೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ನನ್ನ ಮನಸ್ಸು ಎರಡನೆಯದರ ಕಡೆಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಂತ ಮೊದಲನೆಯದನ್ನು ಸುಮ್ನೆ ಸೋಲಿಸುವುದಕ್ಕೆ ಬರೆದಿಲ್ಲ. ಒಪ್ಪೋಣ ಎನ್ನುವವರೂ ಅದೇ ಓಣಿಯ ಜನ. ಅವರ ಕಷ್ಟ ನಿಜವಾದದ್ದು.

ಪರ: ಒಪ್ಪೋಣ, ಆದರೆ ಬರೆದುಕೊಂಡು ಒಪ್ಪೋಣ

ಮೊದಲು ದಾರಿಯ ಅಳತೆ ನೋಡಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯೇ ಸಾಮಾನ್ಯವಾಗಿ 3.75 ಮೀಟರ್ ಅಗಲ. ವಾಹನ ಕಡಿಮೆ ಇರುವ ಕಡೆ 3 ಮೀಟರ್. ಕೇರಿಯ ಒಳಗಿನ ಓಣಿಗಳು ಎಷ್ಟೋ ಕಡೆ ಅದಕ್ಕಿಂತಲೂ ಕಿರಿದು. ಮಳೆಗಾಲದಲ್ಲಿ ಆಂಬುಲೆನ್ಸ್ ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ. ಎದೆನೋವು ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕೆಸರಿನಲ್ಲಿ ಹೊತ್ತು ತರಬೇಕು. ಗ್ರಾಮ ಸಡಕ್ ಯೋಜನೆ ಶುರುವಾದಾಗ ಬಯಲುಸೀಮೆಯಲ್ಲಿ 500 ಜನ, ಗುಡ್ಡಗಾಡಿನಲ್ಲಿ 250 ಜನ ಇರುವ ಜಾಗಕ್ಕೆ ರಸ್ತೆ ಎಂಬ ಲೆಕ್ಕ ಇತ್ತು. ಹತ್ತು ಹದಿನೈದು ಮನೆಗಳ ಕೇರಿ ಆ ಲೆಕ್ಕದೊಳಗೆ ಬರುವುದೇ ಇಲ್ಲ. ಪಂಚಾಯಿತಿಗೆ ಅರ್ಜಿ ಕೊಟ್ಟರೆ ಅನುದಾನ ಬಂದಾಗ ನೋಡೋಣ ಎನ್ನುತ್ತಾರೆ. ಇಷ್ಟು ವರ್ಷ ಯಾರೂ ಮಾಡದ ಕೆಲಸವನ್ನು ಒಬ್ಬರು ಮಾಡಿಕೊಡುತ್ತೇವೆ ಎಂದು ಬಂದಾಗ ಬೇಡ ಎನ್ನುವುದು ಹೇಗೆ?

ಎರಡನೆಯದು, ನಾವು ಬೇಡ ಎಂದ ಮಾತ್ರಕ್ಕೆ ಕಾರು ಬರುವುದು ನಿಲ್ಲುವುದಿಲ್ಲ. ರೆಸಾರ್ಟ್‌ಗೆ ಅನುಮತಿ ಸಿಕ್ಕಾಗಿದೆ, ಕೋಣೆಗಳು ತುಂಬುತ್ತವೆ. ಶನಿವಾರ ಸಂಜೆ ಬೆಂಗಳೂರಿನ ಗಾಡಿಗಳು ಬಂದೇ ಬರುತ್ತವೆ. ಒಪ್ಪಂದ ಇಲ್ಲದಿದ್ದರೆ ಅವು ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತವೆ, ನಮ್ಮ ಅಂಗಳದ ಬಾಯಿಗೆ ಅಡ್ಡ, ಬಾವಿಕಟ್ಟೆಯ ಪಕ್ಕ. ಒಪ್ಪಂದ ಇದ್ದರೆ ಇಂಥ ಗೆರೆಯೊಳಗೆ ಮಾತ್ರ ಎಂದು ಹೇಳಬಹುದು. ಪಲ್ಲಕ್ಕಿ ಬರುವ ದಿನ, ಸುಗ್ಗಿ ಕುಣಿತದವರು ಮನೆಮನೆಗೆ ಬರುವ ದಿನ ಒಂದೂ ಗಾಡಿ ಇರಬಾರದು ಎನ್ನಬಹುದು. ಗಟಾರ ನೀವೇ ಕಟ್ಟಿ, ವರ್ಷಕ್ಕೊಮ್ಮೆ ಗ್ರಾಮಸಭೆ ನೋಡಿ ಒಪ್ಪಿದರೆ ಮಾತ್ರ ಮುಂದುವರಿಸಿ ಎಂದು ಬರೆಸಬಹುದು.

ಕೆಲಸದ ಮಾತೂ ಇದೆ. ಕರಾವಳಿಯ ಹುಡುಗರು ಮೊದಲು ಮುಂಬೈಗೆ ಹೋಗುತ್ತಿದ್ದರು. ಈಗ ಗೋವಾಕ್ಕೆ, ಬೆಂಗಳೂರಿಗೆ ಹೋಗಿ ಅಲ್ಲಿಯ ಹೋಟೆಲುಗಳಲ್ಲಿ ದುಡಿಯುತ್ತಾರೆ. ಅದೇ ಕೆಲಸ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕರೆ ವಯಸ್ಸಾದ ಅಪ್ಪ ಅಮ್ಮನಿಗೆ ರಾತ್ರಿ ಜೊತೆಗೊಬ್ಬರು ಇರುತ್ತಾರೆ. ಮೀನು, ಎಳನೀರು, ಮುರುಗಲು ಶರಬತ್ತು ಮಾರುವ ಹೆಂಗಸರಿಗೆ ಬಾಗಿಲಲ್ಲೇ ಗಿರಾಕಿ ಸಿಗುತ್ತಾರೆ. ಇದನ್ನು ಹಗುರ ಮಾಡಿ ಮಾತಾಡುವ ಹಕ್ಕು ತಿಂಗಳ ಸಂಬಳ ಇರುವವರಿಗೆ ಇಲ್ಲ.

ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆ ನೆನಪಿದೆಯಲ್ಲ? ಅಲ್ಲಿಯ ಅಕ್ರಮ ಕಟ್ಟಡಗಳ ಬಗ್ಗೆ ವರ್ಷಗಟ್ಟಲೆ ಕೋರ್ಟಿನಲ್ಲಿ ವ್ಯಾಜ್ಯ ನಡೆಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ರೆಸಾರ್ಟುಗಳ ಜೊತೆಗೇ ಅಡುಗೆ ಮಾಡುವವರ, ಪಾತ್ರೆ ತೊಳೆಯುವವರ, ಸ್ಕೂಟರ್ ಬಾಡಿಗೆಗೆ ಕೊಡುವವರ ದುಡಿಮೆಯೂ ಹೋಯಿತು. ಶುರುವಿನಲ್ಲೇ ಏನು ಸರಿ, ಏನು ತಪ್ಪು ಎಂದು ಕೂತು ಮಾತಾಡಿ ಬರೆದುಕೊಳ್ಳದಿದ್ದರೆ ಕೊನೆಗೆ ನಷ್ಟ ಆಗುವುದು ಕೂಲಿಯವರಿಗೇ. ಅದಕ್ಕೇ ಈಗಲೇ ಕೂತು ಮಾತಾಡೋಣ ಎನ್ನುವುದು.

ವಿರೋಧ: ಓಣಿಯನ್ನು ಕೊಡುವ ಅಧಿಕಾರ ನಮ್ಮ ಕೈಯಲ್ಲಿ ಇಲ್ಲ

ಮೇಲಿನ ಅಳತೆಯಿಂದಲೇ ಶುರು ಮಾಡುತ್ತೇನೆ. ಓಣಿ 3 ಮೀಟರ್ ಇದೆ ಎಂದುಕೊಳ್ಳಿ. ರೆಸಾರ್ಟಿನವರು ಅದನ್ನು 5 ಮೀಟರ್ ಮಾಡಿಕೊಡುತ್ತಾರೆ. ಆ ಹೆಚ್ಚಿನ 2 ಮೀಟರ್ ಬರುವುದು ನಮ್ಮ ಬೇಲಿಯಿಂದ, ಗಟಾರದಿಂದ, ಅಂಗಳದ ಅಂಚಿನಿಂದ. ಆಮೇಲೆ ಒಂದು ಬದಿಯಲ್ಲಿ ಇನ್ನೋವಾ ನಿಲ್ಲುತ್ತದೆ. ಅದರ ಅಗಲ ಸುಮಾರು 1.8 ಮೀಟರ್. ಉಳಿಯುವುದು 3.2. ಅಂದರೆ ಮೊದಲು ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಯಾರಾದರೂ ಕಾರಿನ ಬಾಗಿಲು ತೆಗೆದು ಸಾಮಾನು ಇಳಿಸುತ್ತಿದ್ದರೆ ಅದೂ ಇಲ್ಲ. ಆಂಬುಲೆನ್ಸ್‌ಗಾಗಿ ಎಂದು ಜಾಗ ಬಿಟ್ಟವರು ನಾವು, ಆ ಜಾಗದಲ್ಲಿ ನಿಲ್ಲುವುದು ಅತಿಥಿಗಳ ಕಾರು. ಕಾರು ನಿಲ್ಲಿಸುವುದಕ್ಕೆ ರೆಸಾರ್ಟಿಗೆ ಎಕರೆಗಟ್ಟಲೆ ಸ್ವಂತ ಜಮೀನು ಇದೆ ಅಲ್ವಾ? ಅಲ್ಲಿ ಒಂದು ಕಾಟೇಜು ಕಡಿಮೆ ಕಟ್ಟಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಇನ್ನು ಕೊಡುವ ಅಧಿಕಾರ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಯಾರ ಸ್ವಂತದ್ದೂ ಅಲ್ಲದ ಸಾರ್ವಜನಿಕ ರಸ್ತೆ, ಬೀದಿ, ಓಣಿ, ಕಾಲುದಾರಿ ಸರ್ಕಾರದ ಸ್ವತ್ತು. ಒಂದು ದಾರಿಯ ಮೇಲೆ ಜನರಿಗಿರುವ ಹಕ್ಕನ್ನು ತೆಗೆಯಬೇಕಾದರೆ ಅದಕ್ಕೆ ಮುಂದಿನ ಕಲಂನಲ್ಲಿ ಬೇರೆಯೇ ಕ್ರಮವಿದೆ. ಆ ದಾರಿ ಜನರಿಗೆ ಬೇಕಿಲ್ಲ ಎಂದು ಕಾಣಬೇಕು, ಪ್ರಕಟಣೆ ಹೊರಡಿಸಬೇಕು, ಆಕ್ಷೇಪಣೆ ಕೇಳಬೇಕು. ನಾಲ್ಕು ಜನ ಹಿರಿಯರು ಜಗಲಿಯಲ್ಲಿ ಕೂತು ಸಹಿ ಹಾಕಿದರೆ ಓಣಿ ಕೈ ಬದಲಾಗುವುದಿಲ್ಲ. ದಾರಿ ನಮ್ಮ ಸರ್ವೆ ನಂಬರಿನ ಒಳಗೇ ಇದೆ ಎಂದು ರೆಸಾರ್ಟಿನವರು ಹೇಳಬಹುದು. ಆಗಲೂ ಪಹಣಿ ನೋಡಬೇಕು. ಅದರಲ್ಲಿ ಬಿ ಖರಾಬು ಎಂದು ಇದ್ದರೆ ಅದು ದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾದ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಸುತ್ತಲಿನ ಜಮೀನು ಕೊಂಡವರಿಗೆ ಅದು ಜೊತೆಯಲ್ಲಿ ಬರುವುದಿಲ್ಲ.

ಗೇಟಿನ ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಉತ್ತರ ಕನ್ನಡದ ತೋಟದ ಊರುಗಳಲ್ಲಿ ದಣಪೆ ನೋಡಿದ್ದೀರಾ? ಎರಡು ಕಂಬ, ನಡುವೆ ಅಡ್ಡಕ್ಕೆ ಸರಿಸಿದ ಗಳಗಳು. ದನ ಒಳಗೆ ಬರಬಾರದು, ಅಷ್ಟೇ. ಮನುಷ್ಯರು ಗಳ ಸರಿಸಿ ದಾಟುತ್ತಾರೆ, ಮತ್ತೆ ಹಾಕಿ ಹೋಗುತ್ತಾರೆ. ಬೇರೆಯವರ ತೋಟದ ನಡುವೆ ಶಾಲೆಗೆ, ಹೊಳೆಗೆ, ದೇವಸ್ಥಾನಕ್ಕೆ ದಾರಿ ಇರುತ್ತದೆ. ಎಲ್ಲಿಗೆ ಹೊರಟೆ ಎಂದು ಮಾತಿಗೆ ಕೇಳಿದ್ದಾರೆಯೇ ಹೊರತು ಯಾಕೆ ಬಂದೆ ಎಂದು ಯಾರೂ ತಡೆದಿಲ್ಲ. ರೆಸಾರ್ಟಿನ ಗೇಟು ತಡೆಯುವುದು ಮನುಷ್ಯರನ್ನೇ. ಸಮವಸ್ತ್ರದ ಕಾವಲುಗಾರ, ಒಂದು ವಹಿ, ಅದರಲ್ಲಿ ಹೆಸರು ಮತ್ತು ಫೋನ್ ನಂಬರು. ಹುಟ್ಟಿದಾಗಿನಿಂದ ಆ ಓಣಿಯಲ್ಲಿ ಮೀನಿನ ಬುಟ್ಟಿ ಹೊತ್ತು ಓಡಾಡಿದ ಹೆಂಗಸು ಅಲ್ಲಿ ನಿಂತು ತಾನು ಯಾರೆಂದು ಹೇಳಬೇಕೇ?

ಸಮುದ್ರದ ಬದಿಯಲ್ಲಂತೂ ಇದು ಬರೀ ಬೇಸರದ ಮಾತಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೇ ಬೀಚ್ ರೆಸಾರ್ಟುಗಳಿಗೆ ಷರತ್ತು ಹಾಕಿದ್ದರು. ಜನ ಕಡಲಿಗೆ ಹೋಗಲು ಎರಡು ರೆಸಾರ್ಟುಗಳ ನಡುವೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು. ದೋಣಿ, ಬಲೆ ಇರುವವರಿಗೆ ಆ ಜಾಗವೇ ಜೀವನ.

ಓಣಿ ಬರೀ ಓಡಾಟಕ್ಕಲ್ಲ ಎನ್ನುವುದನ್ನೂ ಹೇಳಬೇಕು. ಜೂನ್ ತಿಂಗಳಲ್ಲಿ ಗುಡ್ಡದ ನೀರು ಇಳಿದುಹೋಗುವುದೇ ಓಣಿಯ ಪಕ್ಕದಲ್ಲಿ. ಒಂದು ಬದಿಗೆ ಚಿರೆಕಲ್ಲಿನ ಕಾಂಪೌಂಡು ಎದ್ದು, ನಡುವೆ ಕಾಂಕ್ರೀಟು ಏರಿದರೆ ನೀರು ತಗ್ಗಿನ ಮನೆಯ ಅಂಗಳಕ್ಕೆ ನುಗ್ಗುತ್ತದೆ. ಮಕ್ಕಳು ಸೈಕಲ್ ಕಲಿಯುವುದು ಅಲ್ಲೇ. ಮದುವೆ, ಸಾವು ಯಾವುದಕ್ಕೇ ಆಗಲಿ ಮನೆಯ ಮುಂದೆ ಕುರ್ಚಿ ಹಾಕಲು ಬೇರೆ ಜಾಗವಿಲ್ಲ.

ವರ್ಷಕ್ಕೊಮ್ಮೆ ನೋಡಿ ಮುಂದುವರಿಸೋಣ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಮನೆಗೊಬ್ಬರು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕಾರು ತೆಗೆಸಿ ಎನ್ನುವವರು ಯಾರು? ಮಗನ ಕೆಲಸ ಹೋದೀತು ಎಂದು ತಾಯಿ ಸುಮ್ಮನಿರುತ್ತಾಳೆ. ಅವಳನ್ನು ದೂರುವಂತೆಯೂ ಇಲ್ಲ. ಕೆಲಸ ಬೇಡ ಎಂದು ನಾನು ಹೇಳುತ್ತಿಲ್ಲ. ಕೆಲಸ ಸಿಗುವುದು ಕೋಣೆ ತುಂಬಿದ್ದರಿಂದ. ಓಣಿ ಬಿಟ್ಟುಕೊಟ್ಟರೆ ಮಾತ್ರ ಕೆಲಸ ಎನ್ನುವವರು ಎರಡು ಬೇರೆ ವಿಷಯಗಳನ್ನು ಸೇರಿಸಿ ಕಟ್ಟುತ್ತಿದ್ದಾರೆ.

ಕೋರ್ಟುಗಳು ಈ ವಿಷಯದಲ್ಲಿ ಗಟ್ಟಿಯಾಗಿ ಮಾತಾಡಿವೆ. ಹಿಮಾಚಲದ ಕುಲ್ಲು-ಮನಾಲಿ ಕಣಿವೆಯಲ್ಲಿ ಸ್ಪ್ಯಾನ್ ಮೋಟೆಲ್ಸ್ ಎಂಬ ಕಂಪನಿ ಬಿಯಾಸ್ ನದಿಯ ದಡದ ಅರಣ್ಯ ಜಾಗ ಹಿಡಿದು, ಹರಿವನ್ನೇ ತಿರುಗಿಸಲು ಹೊರಟಿತ್ತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಗುತ್ತಿಗೆಯನ್ನು ರದ್ದು ಮಾಡಿತು. ಇಂಥ ಸಂಪತ್ತಿಗೆ ಸರ್ಕಾರ ಜನರ ಪರವಾಗಿ ಕಾಯುವ ಟ್ರಸ್ಟಿ ಮಾತ್ರ, ಖಾಸಗಿಯವರಿಗೆ ಕೊಡುವ ಒಡೆಯ ಅಲ್ಲ ಎಂದಿತು. 2002ರಲ್ಲಿ ಕಂಪನಿಗೆ 10 ಲಕ್ಷ ರೂಪಾಯಿ ದಂಡದ ಪರಿಹಾರವನ್ನೂ ಹಾಕಿತು. 2011ರ ಜನವರಿಯಲ್ಲಿ ಪಂಜಾಬಿನ ಒಂದು ಹಳ್ಳಿಯ ಕೆರೆ ಜಾಗದ ಮೊಕದ್ದಮೆ ಬಂತು. ಹಿಡಿದು ಬಹಳ ವರ್ಷವಾಯಿತು, ಬಹಳ ದುಡ್ಡು ಸುರಿದು ಕಟ್ಟಿದ್ದೇವೆ ಎನ್ನುವುದು ಊರ ಜಾಗ ಉಳಿಸಿಕೊಳ್ಳಲು ಕಾರಣವಾಗದು ಎಂದು ಅಲ್ಲಿ ಹೇಳಲಾಯಿತು. ವಿರೂಪಾಪುರ ಗಡ್ಡೆಯಿಂದಲೂ ನಾನು ಕಲಿಯುವುದು ಇದನ್ನೇ. ಒಪ್ಪಂದದ ಕಾಗದ ಇದ್ದಿದ್ದರೂ ಅಕ್ರಮ ಸಕ್ರಮ ಆಗುತ್ತಿರಲಿಲ್ಲ.

ಹಾಗಾದರೆ ಆಂಬುಲೆನ್ಸ್ ಬರುವುದು ಹೇಗೆ? ರಸ್ತೆ ಮಾಡುವುದು ಪಂಚಾಯಿತಿಯ ಕೆಲಸ. ರೆಸಾರ್ಟಿನಿಂದ ಅದಕ್ಕೆ ಕಟ್ಟಡ ತೆರಿಗೆ ಬರುತ್ತದೆ. ಆ ದುಡ್ಡಿನಲ್ಲಿ ಮೊದಲು ಈ ಓಣಿ ಆಗಲಿ ಎಂದು ಗ್ರಾಮಸಭೆಯಲ್ಲಿ ನಿರ್ಣಯ ಬರೆಸಬಹುದು. ರೆಸಾರ್ಟಿನವರು ತಾವಾಗಿಯೇ ದುಡ್ಡು ಕೊಟ್ಟರೆ ಪಂಚಾಯಿತಿಗೆ ಕೊಡಲಿ, ಬದಲಿಗೆ ಏನೂ ಕೇಳದೆ ಕೊಡಲಿ.

ಅಷ್ಟರೊಳಗೆ ಓಣಿಯ ಮನೆಯವರು ಮಾಡಬೇಕಾದ ಕೆಲಸವಿದೆ. ಗ್ರಾಮ ನಕಾಶೆಯ ಪ್ರತಿ ತೆಗೆದುಕೊಳ್ಳಿ. ಅದರಲ್ಲಿ ಕಾಲುದಾರಿ ಒಂಟಿ ಚುಕ್ಕೆಗೆರೆ, ಬಂಡಿದಾರಿ ಜೋಡಿ ಗೆರೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಓಣಿಯಲ್ಲಿ ನಡೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ಅಂದಾಜು ಸಿಗುತ್ತದೆ. ಓಣಿಯ ಫೋಟೋಗಳನ್ನು ತಾರೀಖಿನ ಸಮೇತ ಇಟ್ಟುಕೊಳ್ಳಿ. ಆಮೇಲೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ದಾರಿಯನ್ನು ಅಳೆಸಿ, ಗಡಿಕಲ್ಲು ಹಾಕಿಸಿ. ಒಬ್ಬರ ಸಹಿ ಬೇಡ, ಓಣಿಯ ಎಲ್ಲ ಮನೆಗಳ ಸಹಿ ಇರಲಿ, ರೆಸಾರ್ಟಿನಲ್ಲಿ ಕೆಲಸ ಮಾಡುವವರ ಮನೆಯದ್ದೂ ಸೇರಿ. ಇದೆಲ್ಲ ಕಾಂಪೌಂಡಿಗೆ ಅಡಿಪಾಯ ತೋಡುವ ಮೊದಲು ಆಗಬೇಕು.